ಅತ್ತೆಯ ಬೆರಳು ನಿಂತ ವಚನ

ನನ್ನ ಎದೆಯ ಎಡಭಾಗದಲ್ಲಿ ಏನಿದೆ ಎನ್ನುವುದು ನನಗಿಂತ ಮೊದಲು ಅಮ್ಮನಿಗೆ ತಿಳಿಯಿತು. 1958ನೇ ಇಸವಿ ಫೆಬ್ರವರಿ ಹತ್ತನೇ ತಾರೀಖು, ಸೋಮವಾರ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅಮ್ಮನನ್ನು ಮಾತ್ರ ಒಳಗೆ ಕರೆದರು. ಮಾತು ಕೇಳಿಸಲಿಲ್ಲ. ಅರ್ಧ ಬಾಗಿಲಿನ ಕೆಳಗೆ ಅಮ್ಮನ ಪಾದಗಳು ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಂದು ಪಾದ ಇನ್ನೊಂದರ ಮೇಲೇರಿ ನಿಂತಿತು. ಅಳು ನುಂಗಿಕೊಳ್ಳುವಾಗ ಅವಳು ಹಾಗೆ ನಿಲ್ಲುತ್ತಾಳೆ.

ಹೊರಗೆ ಬಂದಾಗ ಮುಖ ಒರೆಸಿಕೊಂಡಿದ್ದಳು.

"ಏನಂದ್ರಮ್ಮ?"

"ಏನಿಲ್ಲ ಕಣಪ್ಪ. ಶೀತ ಎದೇಲಿ ಕೂತ್ಕೊಂಡಿದೆಯಂತೆ. ಸೂಜಿ ಹಾಕ್ತಾರಂತೆ."

"ಎಷ್ಟು ಸೂಜಿ?"

"ಅದನ್ನ ನಾನು ಕೇಳ್ಳಿಲ್ಲ."

ಅಮ್ಮ ಅದೇ ಊರಿನ ಹೆಣ್ಣುಮಕ್ಕಳ ಶಾಲೆಯ ಟೀಚರು. ಬೆಲ್ಲ ತರಲು ಕಳಿಸಿದರೂ ಅಚ್ಚು ಎಷ್ಟು ಎಂದು ಕೇಳುವವಳು. ಅವಳು ಕೇಳಲಿಲ್ಲ ಎಂದರೆ ಕೇಳಿದ್ದಾಳೆ, ಉತ್ತರ ಹೇಳುವಂತಿಲ್ಲ ಎಂದರ್ಥ. ಆ ಸಂಜೆ ಮನೆಯಲ್ಲಿ ನನ್ನ ಲೋಟದ ಅಂಚಿನಲ್ಲಿ, ಬೇರೆ ಲೋಟಗಳ ಜೊತೆ ಬೆರೆಯದಿರಲೆಂದು ಮೊಳೆಯಿಂದ ಗೀಚಿದ ಒಂದು ಗೆರೆ ಕಂಡಿತು. ಬೆಳಿಗ್ಗೆ ಅದು ಇರಲಿಲ್ಲ. ಡಾಕ್ಟರಮ್ಮ ಹೇಳದಿದ್ದದ್ದನ್ನು ಆ ಗೆರೆ ಹೇಳಿತು.

ಗುಣವಾಗಿ ಕೆಲವು ವರ್ಷಗಳಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾವುದಾದರೂ ಮನೆಯಲ್ಲಿ ಒಂದು ಲೋಟ ಬೇರೆಯಾಗಿದ್ದರೆ, ಆ ಲೋಟದಲ್ಲಿ ಕುಡಿಯುವವರು ಇದನ್ನು ಓದಲಿ ಎಂದು.

ಆಗ ನನಗೆ ಇಪ್ಪತ್ತೆರಡು. ರೈತರಿಗೆ ರೇಷ್ಮೆಹುಳದ ಮೊಟ್ಟೆ ಒದಗಿಸುವ ಶಿಡ್ಲಘಟ್ಟದ ಒಂದು ಬಿತ್ತನೆ ಕೋಠಿಯಲ್ಲಿ ಕೆಲಸ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸಣ್ಣ ಒರಳಲ್ಲಿ ಅರೆದು, ಒಂದು ತೊಟ್ಟನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ತಾಯಿಯಿಂದ ಮರಿಹುಳಕ್ಕೆ ಇಳಿಯುವ ಗಂಟುರೋಗದ ಚುಕ್ಕೆ ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಡುತ್ತಿದ್ದೆವು. ಎಷ್ಟೋ ಸಲ ಮೈತುಂಬಿಕೊಂಡು ಚುರುಕಾಗಿ ರೆಕ್ಕೆ ಬಡಿಯುತ್ತಿದ್ದ ಚಿಟ್ಟೆಯಲ್ಲೇ ಚುಕ್ಕೆ ಸಿಗುತ್ತಿತ್ತು. ಹೀಗಾಗಿ ಅನುಮಾನಪಡುವುದು ನನ್ನ ಸ್ವಭಾವವೂ ಹೌದು, ಸಂಬಳದ ಕೆಲಸವೂ ಹೌದು. ದಿನಚರಿ ಬರೆಯುವ ಅಭ್ಯಾಸ ಮೊದಲಿನಿಂದಲೂ ಇತ್ತು. ಇಲ್ಲಿನ ತಾರೀಖುಗಳೆಲ್ಲ ಅದರಿಂದಲೇ ಬಂದವು.

ಮರುವಾರ ಆಸ್ಪತ್ರೆಯ ಹಿಂಬದಿಯ ಉದ್ದ ಜಗಲಿಯಲ್ಲಿ ನನಗೊಂದು ಮಂಚ ಸಿಕ್ಕಿತು. ಕ್ಷಯದ ಹೆಸರನ್ನು ಮೊದಲು ನನ್ನೆದುರು ಎತ್ತಿದವರು ಪಕ್ಕದ ಮಂಚದ ಗೌಸ್ ಸಾಬರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ನಾಲ್ಕು ಚರಕ ಇಟ್ಟಿದ್ದರು. ವಯಸ್ಸು ಐವತ್ತರ ಹತ್ತಿರ.

"ಟೀಬೀನಾ ಸ್ವಾಮಿ?" ಎಂದರು, ಯಾವೂರು ಎಂದು ಕೇಳಿದ ಹಾಗೆ.

"ಶೀತ ಅಂದಿದ್ದಾರೆ."

"ನಮ್ಮನೇಲೂ ಮೊದ್ಲು ಶೀತಾನೇ ಅಂದ್ರು. ಮೂರು ತಿಂಗಳಾಯ್ತು ನೋಡಿ, ಶೀತ ಇನ್ನೂ ಹೋಗಿಲ್ಲ."

ನಗಲು ಹೋಗಿ ಇಬ್ಬರಿಗೂ ಕೆಮ್ಮು ಬಂತು. ನಾನು ಕರವಸ್ತ್ರವನ್ನು ನೋಡಿಕೊಂಡೆ. ಅವರು ನೋಡಿಕೊಳ್ಳಲಿಲ್ಲ. ನೋಡಿಕೊಳ್ಳುವುದನ್ನು ಬಿಟ್ಟ ದಿನದಿಂದ ನಿದ್ದೆ ಬರುತ್ತಿದೆ ಎಂದರು. ನನಗೆ ಅದು ಸಾಧ್ಯವಾಗಲಿಲ್ಲ. ಬೆಳಿಗ್ಗೆ ಸಂಜೆ ಜ್ವರದ ಅಂಕಿ, ಕೆಮ್ಮಿನ ಲೆಕ್ಕ, ನುಂಗಿದ ಮಾತ್ರೆ, ವಾಂತಿಯಲ್ಲಿ ಹೋದ ಮಾತ್ರೆ, ಎಲ್ಲವನ್ನೂ ಬರೆದೆ. ಬಿಳಿ ಗೋಲಿಯಷ್ಟು ದಪ್ಪನೆಯ ಮಾತ್ರೆಗಳು ಅವು. ತಿಂದ ಅನ್ನದ ರುಚಿಯನ್ನೆಲ್ಲ ಕೊಂದುಹಾಕುತ್ತಿದ್ದವು. ಸೂಜಿಯಂತೂ ದಿನವೂ. ಅದು ಕಿವಿಗೆ ಕೆಟ್ಟದ್ದು ಎಂದು ಯಾರೋ ಅಂದಿದ್ದರಿಂದ, ರಾತ್ರಿ ಕೈಗಡಿಯಾರವನ್ನು ಕಿವಿಗೆ ಹಿಡಿದು ಟಿಕ್ ಟಿಕ್ ಕೇಳುತ್ತದೆಯೇ ಎಂದು ಪರೀಕ್ಷಿಸಿ ಮಲಗುತ್ತಿದ್ದೆ.

ಡಾಕ್ಟರಮ್ಮನ ಮೇಲೂ ಅನುಮಾನ. ಸೂಜಿ ಚುಚ್ಚುವ ಮೊದಲು ಅವರು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು, ತುಟಿ ಅಲುಗುತ್ತಿತ್ತು. ಔಷಧಿಯ ಮೇಲೆ ನಂಬಿಕೆ ಇರುವವರಿಗೆ ಪ್ರಾರ್ಥನೆ ಯಾಕೆ? ಪ್ರಾರ್ಥನೆಯ ಮೇಲೆ ನಂಬಿಕೆ ಇದ್ದರೆ ಸೂಜಿ ಯಾಕೆ? ಎರಡು ವಾರ ತಡೆದು ಕೊನೆಗೆ ಕೇಳಿಬಿಟ್ಟೆ.

"ನಿನಗೋಸ್ಕರ ಮಾಡ್ತೀನಿ ಅಂದ್ಕೊಂಡ್ಯಾ?" ಎಂದರು ಅವರು. "ಬೆಳಿಗ್ಗೆಯಿಂದ ನಲವತ್ತು ಜನಕ್ಕೆ ಚುಚ್ಚಿರ್ತೀನಿ ಕಣಪ್ಪ. ನಲವತ್ತೊಂದನೆಯವನು ಬರೋ ಹೊತ್ತಿಗೆ ಕೈಗೆ ಬೇಜಾರು ಬಂದಿರುತ್ತೆ. ಅದು ಬರದೆ ಇರ್ಲಿ ಅಂತ. ತೋಳು ಸಡಿಲ ಬಿಡು."

ನನಗೆ ಸಮಾಧಾನವಾಗಲಿಲ್ಲ. ಆದರೆ ಆ ಮಾತನ್ನು ಬರೆದಿಟ್ಟುಕೊಂಡೆ.

ಇನ್ನು ದೀನಮ್ಮತ್ತೆಯ ವಿಷಯ. ಅಪ್ಪನಿಗೆ ಅಕ್ಕ, ಮದುವೆಯಾಗಲಿಲ್ಲ. ಚಿಂತಾಮಣಿಯಲ್ಲಿ ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವ ಕೆಲಸ ಅವರದು. ಒಲೆಗೂಡಿನ ಹೊಗೆಯಲ್ಲಿ ಕೂತೇ ಎಷ್ಟೋ ಅಧ್ಯಾಯ ಓದಿದವರು. ನಾನು ಏಳು ವರ್ಷದವನಿದ್ದಾಗ ಅಪ್ಪ ತೀರಿಕೊಂಡ ಮೇಲೆ (ದಮ್ಮಿನಿಂದ ಎಂದು ಮನೆಯಲ್ಲಿ ಹೇಳುತ್ತಿದ್ದರು) ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಅವರ ಬೆರಳಿನಿಂದ ಆಗುತ್ತಿದ್ದವು. ಬೆರಳಿನಿಂದ ಎಂದರೆ ನಿಜವಾಗಿ ಬೆರಳಿನಿಂದಲೇ. ಮೊಣಕಾಲೂರಿ, ಕಣ್ಣು ಮುಚ್ಚಿ, ಬೈಬಲನ್ನು ಎಲ್ಲಾದರೂ ತೆರೆದು, ಬಲಗೈ ತೋರುಬೆರಳನ್ನು ಪುಟದ ಮೇಲೆ ಇಡುವುದು. ಬೆರಳಿನ ಕೆಳಗೆ ಸಿಕ್ಕ ವಚನ ಆ ಪ್ರಶ್ನೆಗೆ ದೇವರ ಉತ್ತರ. ನಮ್ಮ ಚರ್ಚಿನ ಸಭೆಯಲ್ಲಿ ಇನ್ನೂ ಕೆಲವರು ಹಾಗೆ ಮಾಡುತ್ತಿದ್ದರು. ಆದರೆ ಅತ್ತೆಯ ಬೆರಳಿಗೆ ಇದ್ದ ಹೆಸರು ಬೇರೆಯವರದಕ್ಕೆ ಇರಲಿಲ್ಲ. ನಾನು ಕೋಠಿಯ ಕೆಲಸಕ್ಕೆ ಸೇರಿದ್ದೂ ಅದರಿಂದಲೇ. ಹುಳ ಎಂಬ ಮಾತು ಬರುವ ವಚನ ಸಿಕ್ಕಿತ್ತು.

ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಬೇಸಿಗೆ ರಜೆ ಅವರ ಮನೆಯಲ್ಲಿ ಕಳೆದಾಗ, ದಿನವೂ ಬೆಳಿಗ್ಗೆ ಬೆರಳು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಂಡಿದ್ದೆ. ಮೂವತ್ತು ದಿನದಲ್ಲಿ ಇಪ್ಪತ್ತೆರಡು ದಿನ ಬೈಬಲಿನೊಳಗಿನ ಯೆಶಾಯನ ಪುಸ್ತಕದ ಅವೇ ಎರಡು ಹಾಳೆ. ಆಮೇಲೆ ಅವರಿಲ್ಲದಾಗ ಬೈಬಲನ್ನು ತೆಗೆದು ನೋಡಿದೆ. ಅಲ್ಲಿ ಹೊಲಿಗೆ ಬಿಟ್ಟುಹೋಗಿತ್ತು. ಯಾರು ಕೈಯಲ್ಲಿ ಹಿಡಿದರೂ ಪುಸ್ತಕ ಅಲ್ಲಿಗೇ ಬಿಚ್ಚಿಕೊಳ್ಳುತ್ತಿತ್ತು. ಪುಣ್ಯಕ್ಕೆ ಆ ಹಾಳೆಗಳಲ್ಲಿ ಇದ್ದದ್ದೆಲ್ಲ ಸಮಾಧಾನದ ಮಾತುಗಳು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಮೇ ತಿಂಗಳ ಹೊತ್ತಿಗೆ ನನ್ನ ಜ್ವರ ಇಳಿದಿತ್ತು. ಆರು ಪೌಂಡು ತೂಕ ಹೆಚ್ಚಿತ್ತು. ಕೆಮ್ಮು ದಿನಕ್ಕೆ ಎರಡೋ ಮೂರೋ. ಮೇ ಹದಿನೆಂಟು ಭಾನುವಾರ ಅತ್ತೆ ಚಿಂತಾಮಣಿಯಿಂದ ಸಣ್ಣ ರೈಲಿನಲ್ಲಿ ಬಂದರು. ಬೆವರು ಒರೆಸಿಕೊಳ್ಳುತ್ತಾ ನನ್ನ ಕೆನ್ನೆ ಹಿಡಿದು ತಿರುಗಿಸಿ ನೋಡಿ, ಪಕ್ಕದಲ್ಲಿದ್ದ ಅಮ್ಮನನ್ನು ಕರೆದರು.

"ಎಂಥಾ ಕಳೆ ಬಂದಿದೆ ನಾಯನಾ! ನೋಡೇ ರೂತು, ಸ್ವಸ್ಥ ಆಗಿಬಿಟ್ಟಿದ್ದಾನೆ. ಚಿಂತಾಮಣಿ ಸಭೆಯೋರು ಮೂರು ಶುಕ್ರವಾರ ಉಪವಾಸ ಮಾಡಿದ್ದಾರೆ ಇವನಿಗೋಸ್ಕರ. ಬರೋ ಭಾನುವಾರ ಸಾಕ್ಷಿ ಹೇಳ್ತಾನೆ ಅಂತ ಹೇಳಿಬಂದಿದ್ದೀನಿ."

ಸಾಕ್ಷಿ ಹೇಳುವುದು ಎಂದರೆ ಆರಾಧನೆಯ ನಡುವೆ ಎದ್ದು ನಿಂತು, ದೇವರು ನನಗೆ ಹೀಗೆ ಮಾಡಿದನು ಎಂದು ಸಭೆಯ ಮುಂದೆ ಹೇಳುವುದು.

"ಇನ್ನೂ ಒಂದು ವರ್ಷ ಔಷಧಿ ಇದೆ ಅತ್ತೆ. ಇಲ್ಲಿ ಇನ್ನೂ ಮೂರು ತಿಂಗಳು ಇರ್ಬೇಕು."

"ಗುಣ ಆದ್ಮೇಲೆ ಔಷಧಿ ಯಾಕೋ? ಹೊಟ್ಟೆ ತುಂಬಿದ ಮೇಲೆ ಊಟಕ್ಕೆ ಕೂರ್ತೀಯಾ?"

"ಗುಣ ಆಗಿದೆ ಅಂತ ಯಾರು ನೋಡಿದ್ದಾರೆ?"

"ಸತ್ತ ಕರ್ತ ಎದ್ದು ಬಂದ್ರೂ ನಂಬದ ತೋಮನೇ ಆಗ್ಬಿಟ್ಯಲ್ಲೋ. ಗಾಯದೊಳಗೆ ಬೆರಳಿಟ್ಟು ನೋಡ್ಬೇಕು ನಿನಗೆ." ಅಮ್ಮನ ಕಡೆ ತಿರುಗಿದರು. "ನಾಮಾನನಿಗೆ ಕುಷ್ಠ. ಪ್ರವಾದಿ ಅವನಿಗೆ ಸೂಜಿ ಹಾಕಿದ್ನಾ? ಹೊಳೇಲಿ ಏಳು ಸಲ ಮುಳುಗು ಅಂದ. ಮುಳುಗಿದ, ಮಗುವಿನ ಮೈ ಹಾಗಾಯ್ತು. ಇನ್ನೇನು ಬೇಕು? ಸರಿ, ನನ್ನ ಮಾತು ಬೇಡ. ದೇವರನ್ನೇ ಕೇಳಣ."

ತಮ್ಮ ಬೈಬಲನ್ನು ಅವರು ಚಿಂತಾಮಣಿಯಲ್ಲೇ ಬಿಟ್ಟುಬಂದಿದ್ದರು. ಜಗಲಿಯ ಗೂಡಿನಲ್ಲಿ ರೋಗಿಗಳಿಗೆಂದು ಇಟ್ಟ ಹೊಸ ಬೈಬಲ್ ಒಂದಿತ್ತು. ಯಾರೂ ಹೆಚ್ಚು ಮುಟ್ಟದೆ ಹಾಳೆಗಳು ಇನ್ನೂ ಅಂಟಿಕೊಂಡಿದ್ದವು. ಅತ್ತೆ ಸಿಮೆಂಟು ನೆಲದ ಮೇಲೆ ಮೊಣಕಾಲೂರಿದರು. ಹೊಲಿಗೆ ಗಟ್ಟಿಯಾಗಿದೆ, ಈ ಸಲ ಯೆಶಾಯನಿಗೆ ಹೋಗುವುದಿಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡೆ. ಅದು ನಿಜವೇ ಆಯಿತು. ಬೆರಳು ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದಲ್ಲಿ, ಆಸ ಎಂಬ ಅರಸನ ಕಥೆಯ ಕೊನೆಯಲ್ಲಿ ನಿಂತಿತು. ಅವನಿಗೆ ಕಾಲಿನ ರೋಗ ಬಂದಾಗ ದೇವರನ್ನು ಹುಡುಕದೆ ವೈದ್ಯರನ್ನು ಹುಡುಕಿದ ಎಂದಿದೆ. ಮುಂದಿನ ವಚನದಲ್ಲಿ ಸತ್ತುಹೋಗುತ್ತಾನೆ.

ಅತ್ತೆ ಜೋರಾಗಿ ಓದಿದರು. ಓದಿ ಮುಗಿಸಿ ತಲೆಯೆತ್ತಿದರು. ಗೆದ್ದ ಮುಖವಲ್ಲ, ಹೆದರಿದ ಮುಖ. ಜಗಲಿಯಲ್ಲಿ ಯಾರೂ ಕೆಮ್ಮಲಿಲ್ಲ. ಹೊಲಿಗೆಯ ಲೆಕ್ಕ ಇಲ್ಲಿ ನಡೆಯಲಿಲ್ಲ. ಅತ್ತೆಗೆ ಆ ಪುಟ ಗೊತ್ತಿತ್ತೇ? ಕಣ್ಣು ಪೂರ್ತಿ ಮುಚ್ಚಿರಲಿಲ್ಲವೇ? ಎರಡನ್ನೂ ಅನುಮಾನಿಸಿದೆ. ಇಂದಿಗೂ ನನಗೆ ಗೊತ್ತಿಲ್ಲ.

"ನಾಳಿದ್ದು ಮಂಗಳವಾರ ಕರ್ಕೊಂಡು ಹೋಗ್ತೀನಿ," ಎಂದರು ಅತ್ತೆ. "ಡಾಕ್ಟರಮ್ಮನಿಗೆ ನಾನೇ ಹೇಳ್ತೀನಿ. ಇದು ನನ್ನ ಮಾತಲ್ಲ ರೂತು."

ಅಮ್ಮ ಬೇಡ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಡಾಕ್ಟರಮ್ಮ ದಿನವೂ ಎಲ್ಲರಿಗೂ ಹೇಳುವ ಮಾತು ಒಂದೇ: ಹಗುರವಾಯಿತು ಎಂದು ನಡುವೆ ಬಿಟ್ಟು ಹೋದವರು ಮತ್ತೆ ಬರುತ್ತಾರೆ, ಆಗ ಇದೇ ಸೂಜಿ ಹಿಡಿಯುವುದಿಲ್ಲ. ಮಂಗಳವಾರ ನಾನು ಆ ಸಣ್ಣ ರೈಲು ಹತ್ತಿದರೆ ಬಹುಶಃ ಬದುಕುವುದಿಲ್ಲ. ಹತ್ತದಿದ್ದರೆ, ನನ್ನ ಅಮ್ಮನ ದೃಷ್ಟಿಯಲ್ಲಿ ದೇವರ ಮಾತನ್ನು ಕಾಲಲ್ಲಿ ಒದ್ದವನು. ಅಮ್ಮ ಒಪ್ಪದೆ ಅಲ್ಲಿ ಉಳಿಯುವ ಧೈರ್ಯ ನನಗಿರಲಿಲ್ಲ. ಮೊಟ್ಟೆ, ಹಾಲು, ಒಗೆದ ಬಟ್ಟೆ, ದಿನವೂ ಬರುತ್ತಿದ್ದದ್ದು ಅವಳ ಕೈಯಿಂದಲೇ.

ಅವರು ಹೋದ ಮೇಲೆ ಗೌಸ್ ಸಾಬರು ಮಗ್ಗುಲು ಬದಲಿಸಿದರು.

"ಸ್ವಾಮಿ, ಆ ನಾಮಾನ್ ಅಂದ್ರಲ್ಲ, ಎಷ್ಟು ಸಲ ಮುಳುಗಿದ್ದು?"

"ಏಳು."

"ನಾಲ್ಕಕ್ಕೇ ಎದ್ದು, ಸಾಕು ಬಿಡಿ, ಮೈ ಹಗುರ ಆಯ್ತು ಅಂತ ಮನೆಗೆ ಹೋಗಿದ್ರೆ?"

ನಾನು ಎದ್ದು ಕೂತೆ.

"ನಾನು ಮುರುಗಮಲ್ಲಕ್ಕೂ ಹೋಗ್ತೀನಿ," ಎಂದರು. "ದರ್ಗಾದಲ್ಲಿ ದಾರ ಕಟ್ಟಿಸ್ಕೊಂಡು ಬರ್ತೀನಿ. ಇಲ್ಲಿ ಸೂಜಿ. ಸೂಜಿ ಬಿಟ್ಟು ದಾರ ಒಂದೇ ಇಟ್ಕೊಂಡ್ರೆ ಬಟ್ಟೆ ಹೊಲಿಯೋಕಾಗುತ್ತಾ? ನಿಮ್ಮತ್ತೆಗೆ ಹೇಳ್ಬೇಡಿ, ನನಗೂ ಏನಾದ್ರೂ ವಚನ ತೆಗೀತಾರೆ."

ಮರುದಿನ ಇಡೀ ದಿನ ನಾನು ಆ ಹೊಸ ಬೈಬಲ್ ಹಿಡಿದು ಕೂತೆ. ಮೊದಲ ಸಲ ಒಂದು ವಚನವನ್ನಲ್ಲ, ಆಸನ ಕಥೆಯನ್ನು ಮೊದಲಿನಿಂದ ಓದಿದೆ. ಅವನು ಮೊದಲು ಒಳ್ಳೆಯ ಅರಸ. ಮುದುಕನಾದಾಗ, ನೀನು ತಪ್ಪು ಮಾಡಿದೆ ಎಂದು ಎದುರಿಗೆ ನಿಂತು ಹೇಳಿದ ಪ್ರವಾದಿಯನ್ನು ಸೆರೆಗೆ ಹಾಕಿದ. ಜನರನ್ನು ಹಿಂಸಿಸಿದ. ಅದಾದ ಮೇಲೆ ಕಾಲಿನ ರೋಗ. ಯಾರ ಮಾತನ್ನೂ ಕೇಳದ ಮನುಷ್ಯನ ಕಥೆ ಅದು, ವೈದ್ಯರ ಕಥೆಯಲ್ಲ ಎನ್ನಿಸಿತು. ಮುಂದೆ ಹಿಜ್ಕೀಯ ಅರಸನ ಕಥೆ ಸಿಕ್ಕಿತು. ಸಾಯುವ ಹುಣ್ಣು. ಅಳುತ್ತಾನೆ, ದೇವರು ಆಯುಸ್ಸು ಕೊಡುತ್ತಾನೆ. ಆದರೂ ಪ್ರವಾದಿ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸುತ್ತಾನೆ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅತ್ತೆಯ ಮುಖಕ್ಕೆ ಹಿಡಿಯಬಹುದು!

ಆ ಸಂತೋಷದ ಮೇಲೂ ಅನುಮಾನ ಬಂತು. ಅತ್ತೆ ಕಣ್ಣು ಮುಚ್ಚಿ ತಮಗೆ ಬೇಕಾದ ಮಾತನ್ನು ಹುಡುಕಿದ್ದರೆ, ನಾನು ಕಣ್ಣು ತೆರೆದು ನನಗೆ ಬೇಕಾದ್ದನ್ನು ಹುಡುಕುತ್ತಿದ್ದೇನೆ. ಅವರ ಆಸನಿಗೆ ನನ್ನ ಹಿಜ್ಕೀಯನನ್ನು ಎದುರು ನಿಲ್ಲಿಸಿದರೆ ಕೋಳಿ ಅಂಕವಾಗುತ್ತದೆ ಅಷ್ಟೇ. ಹಾಗಾದರೆ ಈ ಪುಸ್ತಕ ನನಗೆ ಏನು ಹೇಳುತ್ತಿದೆ? ಕಾಯಿಲೆ ಬಿದ್ದವರು, ಹೆದರಿದವರು, ಕೂಗಿಕೊಂಡವರು ಅದರ ತುಂಬ ಇದ್ದರು. ಯಾರಿಗೂ ಒಂದೇ ಬಗೆಯ ಉತ್ತರ ಸಿಕ್ಕಿರಲಿಲ್ಲ. ಒಬ್ಬನಿಗೆ ಹೊಳೆ, ಒಬ್ಬನಿಗೆ ಅಂಜೂರ, ಒಬ್ಬನಿಗೆ ಕಣ್ಣಿಗೆ ಹಚ್ಚಿದ ಕೆಸರು. ಕೆಲವರಿಗೆ ಏನೂ ಇಲ್ಲ. ಅಷ್ಟು ಹೊತ್ತಿಗೆ ಮಾತ್ರೆಯ ವೇಳೆಯಾಯಿತು. ನುಂಗಿದೆ. ವಾಂತಿಯಾಗಲಿಲ್ಲ.

ಸಂಜೆ ಅಮ್ಮ ಒಬ್ಬಳೇ ಬಂದಳು. ಅಂಜೂರದ ಕಥೆ ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ನಿಮ್ಮಪ್ಪ ದಮ್ಮಿಂದ ಹೋಗ್ಲಿಲ್ಲ ಕಣಪ್ಪ."

ಅದನ್ನು ನಾನು ಎಷ್ಟು ದಿನದಿಂದ ಅನುಮಾನಿಸಿದ್ದೆ ಎಂದರೆ, ಕೇಳಿದಾಗ ಆಶ್ಚರ್ಯವೇ ಆಗಲಿಲ್ಲ.

"ಇದೇ ಕಾಯಿಲೆ. ಸ್ಯಾನಟೋರಿಯಮ್ಮಿಗೆ ಕಳ್ಸಿ ಅಂದ್ರು ಆಗಿನ ಡಾಕ್ಟರು. ನಿಮ್ಮತ್ತೆ ಬೆರಳಿಟ್ರು. ಸುಮ್ಮನೆ ನಿಂತು ನೋಡಿ, ದೇವರೇ ಯುದ್ಧ ಮಾಡ್ತಾನೆ ಅಂತ ಬಂತು. ಸುಮ್ಮನೆ ನಿಂತು ನೋಡಿದ್ವಿ."

"ಹೋಗಿದ್ರೆ ಉಳೀತಿದ್ರಾ?"

"ಯಾರಿಗೆ ಗೊತ್ತು? ಈ ಔಷಧಿ ಆಗ ಇರ್ಲಿಲ್ಲ. ಅತ್ತೆ ಮೇಲೆ ನನಗೆ ಸಿಟ್ಟಿಲ್ಲಪ್ಪ. ತಮ್ಮನ ವಾಂತಿ ಬಳಿದೋರು ಅವರೇ. ಆದ್ರೆ ನಾನು ಬಾಯಿ ಬಿಡ್ಲಿಲ್ಲ ನೋಡು ಆವತ್ತು, ಅದು ಇಲ್ಲಿದೆ." ಗಂಟಲು ಮುಟ್ಟಿಕೊಂಡಳು. ಆಮೇಲೆ ಬುಟ್ಟಿಯಿಂದ ಬೇಯಿಸಿದ ಮೊಟ್ಟೆ ತೆಗೆದು ಸುಲಿಯತೊಡಗಿದಳು.

ಮಂಗಳವಾರ ಬೆಳಿಗ್ಗೆ ಅತ್ತೆ ನನ್ನ ಹಾಸಿಗೆ ಸುತ್ತಲು ಹಗ್ಗವನ್ನೂ ತಂದಿದ್ದರು. ಅಮ್ಮ ಮಂಚಕ್ಕೂ ಅವರಿಗೂ ನಡುವೆ ನಿಂತಳು. ಒಂದು ಪಾದ ಇನ್ನೊಂದರ ಮೇಲಿರಲಿಲ್ಲ.

"ಅಕ್ಕಾ, ಅವನು ಇಲ್ಲೇ ಇರ್ತಾನೆ."

"ವಚನ ಬಂದಿದೆಯಲ್ಲೇ ರೂತು."

"ಬಂದಿದೆ. ಅದನ್ನ ಓದ್ಕೊಂಡೇ ಇರ್ತಾನೆ. ನಿನ್ನೆಯಿಂದ ಅದೇ ಓದ್ತಿದ್ದಾನೆ."

"ನನ್ನ ಮಾತು ಬಿಡು, ದೇವರ ಮಾತು ಮೀರ್ತೀಯಾ?"

"ಮೀರ್ತೀನೋ ಇಲ್ವೋ ನನಗೆ ಗೊತ್ತಾಗ್ತಿಲ್ಲ ಅಕ್ಕಾ. ಮೀರಿದ್ರೆ ಲೆಕ್ಕ ನನ್ನ ತಲೆ ಮೇಲಿರ್ಲಿ. ಮಗನ ಮೇಲೆ ಬೇಡ."

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ವಿಷಯ ಕೇಳಿ ಯಾವ ಉಪದೇಶವನ್ನೂ ಮಾಡಲಿಲ್ಲ. ಇಂಥ ಮನೆಯಲ್ಲಿ ಎಲ್ಲರೂ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳುವುದು ಒಳ್ಳೆಯದು, ಬಂದಿದ್ದೀರಲ್ಲ, ಇವತ್ತೇ ತೆಗೆಯುತ್ತೇನೆ ಎಂದರು. ಅಮ್ಮ ಒಪ್ಪಿದಳು. ಅತ್ತೆಯ ಮುಖ ಬಿಗಿಯಿತು.

"ನನ್ನ ಎದೇಲಿ ಏನಿದೆ ಅಂತ ದೇವರಿಗೆ ಗೊತ್ತು. ಫೋಟೋ ಬೇಡ," ಎಂದು ಹಗ್ಗವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಆ ಭಾನುವಾರ ಚಿಂತಾಮಣಿಯ ಸಭೆಯಲ್ಲಿ ನನ್ನ ಹೆಸರು ಕೂಗಿದಾಗ ಅವರು ಎದ್ದು, ಹುಡುಗ ಬರಲಿಲ್ಲ ಎಂದಷ್ಟೇ ಹೇಳಿ ಕೂತರಂತೆ.

ಆಗಸ್ಟಿನಲ್ಲಿ ಮನೆಗೆ ಬಂದೆ. ಔಷಧಿ ಮರುವರ್ಷದ ಮಳೆಗಾಲದವರೆಗೂ ನಡೆಯಿತು. ಗೌಸ್ ಸಾಬರು ನನಗಿಂತ ಮೊದಲೇ ಬಿಡುಗಡೆಯಾಗಿ, ಈಗಲೂ ಸಂತೆ ದಿನ ಸಿಕ್ಕಿದರೆ "ಶೀತ ಹೇಗಿದೆ ಸ್ವಾಮಿ?" ಎನ್ನುತ್ತಾರೆ. ಕೋಠಿಯಲ್ಲಿ ನನ್ನನ್ನು ಮತ್ತೆ ಸೇರಿಸಿಕೊಂಡರು. ಜೊತೆಯವನೊಬ್ಬ ಮೊದಲ ತಿಂಗಳು ನನ್ನ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸಿಡುತ್ತಿದ್ದ. ನನಗೆ ಗಾಳಿ ಬರಲಿ ಎಂದೋ, ನನ್ನ ಉಸಿರು ಹೊರಗೆ ಹೋಗಲಿ ಎಂದೋ ಕೇಳಲಿಲ್ಲ. ಬೈಬಲನ್ನು ಬಿಡಲಿಲ್ಲ. ಒಂದೇ ವಚನ ಓದಿ ಮುಚ್ಚುವುದನ್ನು ಬಿಟ್ಟೆ. ಹಿಂದಿನ ಪುಟದಲ್ಲಿ ಏನಿದೆ ಎಂದು ನೋಡದೆ ಯಾವ ಮಾತನ್ನೂ ಈಗ ಒಪ್ಪುವುದಿಲ್ಲ. ದೇವರಿಗೆ ಅದರಿಂದ ಬೇಸರವಾಗಿದ್ದರೆ ನನಗೆ ಇನ್ನೂ ತಿಳಿಸಿಲ್ಲ. ಆದರೆ ಗಟ್ಟಿಯಾಗಿ, ನಾಲ್ಕು ಜನರ ಮುಂದೆ ಪ್ರಾರ್ಥಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಅತ್ತೆ ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. 1960ರ ಜುಲೈ ನಾಲ್ಕು, ಸೋಮವಾರ, ಯಾರಿಗೂ ಹೇಳದೆ ಬಂದು ಬಾಗಿಲಲ್ಲಿ ನಿಂತರು. ಇಳಿದುಹೋಗಿದ್ದರು. ಅವರಿಗೆ ಮೊದಲಿನಿಂದಲೂ ಇದ್ದ ಕೆಮ್ಮು ಈಗ ಬಿಡದೆ ಬರುತ್ತಿತ್ತು.

"ಪ್ರಸನ್ನಾ, ಆ ಫೋಟೋ ತೆಗೀತಾರಲ್ಲ, ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?"

ಯಾಕೆ ಈಗ, ಎಂದು ನನ್ನ ಒಳಗಿನವನು ಕೇಳಿದ. ಬಾಯಿ ಕೇಳಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕೂತೆವು. ಅವರು ಚೀಲದಿಂದ ಬೈಬಲನ್ನು ತೆಗೆಯಲಿಲ್ಲ. ಡಾಕ್ಟರಮ್ಮ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನೂ ಇಲ್ಲಮ್ಮ. ಒಲೆ ಹೊಗೆ ಕುಡಿದ ಕೆಮ್ಮು. ಔಷಧಿ ಕೊಡ್ತೀನಿ," ಎಂದರು.

ಅತ್ತೆ ಏಳಲಿಲ್ಲ. "ಹಳೇದು ಇದ್ದಿದ್ರೆ? ಬಹಳ ಹಳೇದು. ಬಂದು ತಾನೇ ಹೋಗಿದ್ರೆ?"

"ಕೆಮ್ಮು ತರೋ ಅಷ್ಟು ಜೋರಾಗಿ ಬಂದಿದ್ರೆ ಕಲೆ ಉಳಿದಿರ್ತಿತ್ತು. ಕಲೆ ಇಲ್ಲ."

"ಸರಿಯಾಗಿ ನೋಡಿದ್ರಾ?"

ಡಾಕ್ಟರಮ್ಮ ಮತ್ತೊಮ್ಮೆ ಹಿಡಿದು ನೋಡಿದರು. "ನೋಡ್ದೆನಮ್ಮ. ಇಲ್ಲ."

ಹೊರಗೆ ಬಂದು ಅತ್ತೆ ಅದೇ ಬೆಂಚಿನ ಮೇಲೆ ಕುಸಿದರು.

"ನಿಮ್ಮಪ್ಪನಿಗಿಂತ ಮೊದಲು ಕೆಮ್ಮು ಬಂದಿದ್ದು ನನಗೆ ಕಣೋ," ಎಂದರು. "ಒಂದು ಚಳಿಗಾಲ ಪೂರ್ತಿ ಕೆಮ್ಮಿದೆ. ಆಮೇಲೆ ಅವನು ಮಲಗಿದ. ಒಂದೇ ತಟ್ಟೇಲಿ ಉಂಡು ಬೆಳೆದೋರು ನಾವು. ಯಾರಿಗೂ ಹೇಳ್ಳಿಲ್ಲ. ನೀನು ಮಲಗಿದಾಗ, ಇವನಿಗೂ ನಾನೇ ಕೊಟ್ಟೆ ಅಂದ್ಕೊಂಡೆ. ಆ ಫೋಟೋ ಅಂದಾಗ ನನ್ನ ಜೀವ ಬಾಯಿಗೆ ಬಂತು. ದೇವರೇ ಗುಣ ಮಾಡಿಬಿಟ್ರೆ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ವಲ್ಲ."

ಎಲ್ಲರನ್ನೂ ಅನುಮಾನಿಸಿದ್ದ ನನಗೆ ಇದು ಮಾತ್ರ ಹೊಳೆದಿರಲಿಲ್ಲ. ಹದಿನೇಳು ವರ್ಷ ಅವರು ತಮ್ಮನ್ನೇ ಅನುಮಾನಿಸಿಕೊಂಡು, ಪ್ರತಿ ಕೆಮ್ಮಿಗೂ ಹೆದರಿಕೊಂಡು, ಮನೆಮನೆಯಲ್ಲಿ ಸಮಾಧಾನದ ವಚನ ಓದುತ್ತಾ ತಿರುಗಿದ್ದರು.

"ನಿಮ್ಮಿಂದ ಅಲ್ಲ ಅತ್ತೆ," ಎಂದೆ.

"ಅಲ್ಲವಂತೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಪ್ರಾರ್ಥನೆ ಮಾಡೋ."

"ನೀವೇ ಮಾಡಿ. ಯಾವತ್ತೂ ನೀವೇ ಅಲ್ವಾ?"

"ನನಗೆ ಮಾತು ಬರ್ತಿಲ್ಲ ನಾಯನಾ. ನೀನು ಮಾಡು."

ಬೆಂಚಿನ ತುಂಬ ಜನ. ಒಬ್ಬಾಕೆಯ ಮಡಿಲಲ್ಲಿ ಮಗು ಅಳುತ್ತಿತ್ತು. ನಾನು ತಲೆ ಬಗ್ಗಿಸಿದೆ. "ಕರ್ತನೇ," ಎಂದೆ. "ಅತ್ತೆಯ ಎದೆಯಲ್ಲಿ ಏನೂ ಇಲ್ಲವಂತೆ." ಹೇಳಿದರೆ ಸುಳ್ಳಾಗಬಹುದಾದ ಮಾತುಗಳೇ ನಾಲಿಗೆಗೆ ಬಂದವು. ಅಲ್ಲಿಗೇ ನಿಲ್ಲಿಸಿದೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ನನ್ನ ಮೊಣಕೈ ಹಿಡಿದರು.

"ಅಷ್ಟು ಸಾಕು ಕಣೋ. ಆಮೆನ್ ಅನ್ನು."